3 ಕಿಲೋವ್ಯಾಟ್ ಸೋಲಾರ್ ಕರೆಂಟು: ಮೂರು ಕೊಟೇಶನ್, ಮೂರು ರೇಟು. ಏನು ನೋಡಿ ಆರಿಸೋದು?

ಒಂಟಿಕೊಪ್ಪಲ್ ಹೈದ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆ ಮೈಸೂರು ಒಂಟಿಕೊಪ್ಪಲಲ್ಲಿ. 30x40 ಸೈಟು, ಗ್ರೌಂಡ್ ಮೇಲೆ ಒಂದು ಮಹಡಿ, ಆರ್‌ಸಿಸಿ ತಾರಸಿ. ತಿಂಗಳಿಗೆ 280ರಿಂದ 320 ಯೂನಿಟ್ ಬರುತ್ತೆ, ಹಾಗಾಗಿ ಗೃಹಜ್ಯೋತಿ ನಮಗಿಲ್ಲ. ತಾರಸಿಯ ದಕ್ಷಿಣದ ಮೂಲೆಯಲ್ಲಿ ನೀರಿನ ಟ್ಯಾಂಕು, ಸ್ಟ್ಯಾಂಡೂ ಸೇರಿ 8 ಅಡಿ ಎತ್ತರ. ಪೂರ್ವಕ್ಕೆ ಪಕ್ಕದ ಮನೆಯವರ ಒಂದು ತೆಂಗಿನಮರ.

ಮೂರು ಕಡೆ ಕೊಟೇಶನ್ ತಗೊಂಡೆ: 1.75 ಲಕ್ಷ, 1.95 ಲಕ್ಷ, 2.2 ಲಕ್ಷ. ಮೂರರಲ್ಲೂ ಬರೆದಿರೋದು ಒಂದೇ, "3 ಕಿಲೋವ್ಯಾಟ್ ಆನ್-ಗ್ರಿಡ್, ಸಬ್ಸಿಡಿ ಸಿಗುತ್ತೆ". ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಕರೆಂಟ್ ಹೋದಾಗ ಇದು ನಡೆಯುತ್ತೋ ಇಲ್ಲವೋ? ತಾರಸಿಗೆ ತೂತು ಹೊಡೆದ್ರೆ ಮಳೆಗಾಲದಲ್ಲಿ ಸೋರಲ್ವಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

---

ಬಿಸಿಲ್ಗುದುರೆ

ಮೊದಲು ಕರೆಂಟ್ ಹೋದಾಗಿನ ಮಾತು, ಯಾಕಂದ್ರೆ ದುಡ್ಡು ಕೊಟ್ಟಮೇಲೆ ಜನ ಹೆಚ್ಚು ಬೇಸರ ಪಡೋದು ಇಲ್ಲೇ. ಆನ್-ಗ್ರಿಡ್ ಅಂದ್ರೆ ಕರೆಂಟ್ ಲೈನಿಗೇ ಜೋಡಿಸಿರೋದು, ಕರೆಂಟ್ ಹೋದ ಕೂಡಲೇ ಸೋಲಾರೂ ನಿಲ್ಲುತ್ತೆ. ಮಟಮಟ ಮಧ್ಯಾಹ್ನ, ನೆತ್ತಿ ಮೇಲೆ ಬಿಸಿಲಿದ್ರೂ ಮನೇಲಿ ಫ್ಯಾನ್ ತಿರುಗಲ್ಲ. ಇದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿರೋದು. ಕಂಬದ ಮೇಲೆ ಲೈನ್‌ಮ್ಯಾನ್ ಕೆಲಸ ಮಾಡ್ತಿರುವಾಗ ನಿಮ್ಮ ಮನೆಯಿಂದ 230 ವೋಲ್ಟ್ ಲೈನಿಗೆ ಹರಿದರೆ ಅವನ ಪ್ರಾಣಕ್ಕೆ ಸಂಚಕಾರ. ಅದಕ್ಕೇ ಲೈನಲ್ಲಿ ವೋಲ್ಟೇಜ್ ಕಾಣದಿದ್ರೆ ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿ ಕರೆಂಟನ್ನ ಮನೆಗೆ ಬೇಕಾದ ಎಸಿ ಮಾಡೋ ಪೆಟ್ಟಿಗೆ) ತಾನೇ ಕಳಚಿಕೊಳ್ಳುತ್ತೆ. ಕರೆಂಟ್ ವಾಪಸ್ ಬಂದಮೇಲೂ ಒಂದು ನಿಮಿಷವೋ ಇನ್ನೂ ಸ್ವಲ್ಪ ಹೊತ್ತೋ ಕಾದು, ಲೈನ್ ಸ್ಥಿರವಾಗಿದೆ ಅಂತ ನೋಡ್ಕೊಂಡೇ ಮತ್ತೆ ಸೇರಿಕೊಳ್ಳೋದು. ಕರೆಂಟ್ ಇಲ್ಲದಾಗಲೂ ಬೇಕು ಅಂದ್ರೆ ಬ್ಯಾಟರಿ ಜೊತೆ ಹೈಬ್ರಿಡ್ ಇನ್ವರ್ಟರ್ ಬೇಕು. 51.2 ವೋಲ್ಟ್, 100 ಎ.ಎಚ್. ಲಿಥಿಯಂ ಬ್ಯಾಟರಿ ಒಂದರಲ್ಲಿ 5 ಯೂನಿಟ್ ಚಿಲ್ಲರೆ ಹಿಡಿಯುತ್ತೆ. ಖರ್ಚು ಬೇಕಾದಷ್ಟು ಏರುತ್ತೆ, ಸಬ್ಸಿಡಿ ಮಾತ್ರ ಏರಲ್ಲ. ಒಂಟಿಕೊಪ್ಪಲಲ್ಲಿ ಕರೆಂಟ್ ಹೋಗೋ ಲೆಕ್ಕಕ್ಕೆ ಈಗಿರೋ ಹಳೇ ಯುಪಿಎಸ್ ಸಾಕು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಪ್ಯಾನೆಲ್. ನಮ್ಮೂರಲ್ಲಿ ಸೋಲಾರ್ ಅಂದ್ರೆ ಸ್ನಾನದ ನೀರು ಕಾಯಿಸೋದು ಅಂತಲೇ ರೂಢಿ ಆಗಿರೋದ್ರಿಂದ, ಬಿಸಿಲು ಸುಟ್ಟಷ್ಟೂ ಕರೆಂಟು ಜಾಸ್ತಿ ಅಂತ ತುಂಬಾ ಜನ ಅಂದ್ಕೊಂಡಿದಾರೆ. ತದ್ವಿರುದ್ಧ. ಪ್ಯಾನೆಲ್ಲಿಗೆ ಬೇಕಾಗಿರೋದು ಬೆಳಕು, ಶಾಖ ಅದಕ್ಕೆ ಶತ್ರು. ಸಿಲಿಕಾನ್ ಬಿಲ್ಲೆ (ಸೆಲ್) ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಕಳಚಿ ಒಂದು ಕಡೆಗೆ ಹರಿಯುತ್ತೆ. ಒಂದೊಂದು ಬಿಲ್ಲೆ ಕೊಡೋದು ಮುಕ್ಕಾಲು ವೋಲ್ಟಿಗೂ ಕಡಿಮೆ. ಅಂಥವನ್ನ ಸಾಲಾಗಿ ಪೋಣಿಸಿ ಒಂದು ಪ್ಯಾನೆಲ್. ಈಗ ಸಾಮಾನ್ಯವಾಗಿ ಬರೋ 540 ವ್ಯಾಟ್ ಪ್ಯಾನೆಲ್ಲಿನ ಹಿಂದಿರೋ ಸ್ಟಿಕ್ಕರ್ ಓದಿ: ಏನೂ ಜೋಡಿಸದೆ ಇದ್ದಾಗ ಸುಮಾರು 49.5 ವೋಲ್ಟ್, ದುಡಿಯುವಾಗ ಸುಮಾರು 41.5 ವೋಲ್ಟ್, 13 ಆಂಪ್. ಈ ಲೆಕ್ಕ ಬಿಲ್ಲೆ 25 ಡಿಗ್ರಿ ಇದ್ದಾಗಿಂದು. ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲೆ ಬಿಲ್ಲೆ 60 ಡಿಗ್ರಿ ಮುಟ್ಟುತ್ತೆ. ಡಿಗ್ರಿಗೆ ಶೇ. 0.35ರಂತೆ ಶೇ. 12 ಅಲ್ಲೇ ಹೋಯ್ತು. ಆರು ಪ್ಯಾನೆಲ್ ಅಂದ್ರೆ 3.24 ಕಿಲೋವ್ಯಾಟ್ ಹಾಕಿದ್ರೂ ಮೊಬೈಲ್ ಆ್ಯಪಲ್ಲಿ 2.7, 2.8 ತೋರಿಸಿದ್ರೆ ಅದು ಸರಿಯಾಗೇ ಇದೆ. ಮೋಸ ಆಯ್ತು ಅಂತ ಅಂಗಡಿಗೆ ಹೋಗಬೇಡಿ.

ಮೈಸೂರಿಗೆ ವರ್ಷದ ಸರಾಸರಿ ಹಿಡಿದ್ರೆ ಒಂದು ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್. ನಿಮ್ಮ ಮೂರಕ್ಕೆ 12. ಫೆಬ್ರವರಿ, ಮಾರ್ಚಲ್ಲಿ 14-15 ಬರುತ್ತೆ, ಜುಲೈ ಮೋಡದಲ್ಲಿ 9ಕ್ಕೆ ಇಳಿದ್ರೂ ಆಶ್ಚರ್ಯ ಇಲ್ಲ. ತಿಂಗಳಿಗೆ 300 ಯೂನಿಟ್ ಬಳಸೋ ಮನೆಗೆ 3 ಕಿಲೋವ್ಯಾಟ್ ಅಳತೆ ಹೊಲಿಸಿದ ಹಾಗಿದೆ. 5 ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ. ಮಿಕ್ಕಿದ ಯೂನಿಟ್ಟಿಗೆ ಸೆಸ್ಕ್ (ನಮ್ಮ ಕಡೆಯ ಕರೆಂಟ್ ಕಂಪನಿ) ಕೊಡೋ ದರ ನೀವು ಕೊಳ್ಳೋ ದರಕ್ಕಿಂತ ಬಹಳ ಕಡಿಮೆ.

ಟ್ಯಾಂಕಿನ ನೆರಳು ನಿಮ್ಮ ನಿಜವಾದ ಸಮಸ್ಯೆ. ಮೈಸೂರು ಇರೋದು 12.3 ಡಿಗ್ರಿ ಉತ್ತರಕ್ಕೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರ್ತಾನೆ, ಆಗ ದಕ್ಷಿಣದ ಟ್ಯಾಂಕಿನಿಂದ ತೊಂದರೆ ಇಲ್ಲ. ಕಷ್ಟ ಡಿಸೆಂಬರಲ್ಲಿ. ಆಗ ಮಧ್ಯಾಹ್ನ ನೆರಳು ಎತ್ತರದ ಮುಕ್ಕಾಲು ಪಾಲು, ಅಂದ್ರೆ ನಿಮ್ಮ 8 ಅಡಿಗೆ ಹತ್ತಿರ ಹತ್ತಿರ 6 ಅಡಿ, ಉತ್ತರಕ್ಕೆ ಬೀಳುತ್ತೆ. ಬೆಳಿಗ್ಗೆ 9ಕ್ಕೆ ಒಂದೂಮುಕ್ಕಾಲು ಪಟ್ಟು, 14 ಅಡಿ, ವಾಯವ್ಯದ ಕಡೆಗೆ. ಪ್ಯಾನೆಲ್‌ಗಳು ಸರಪಳಿ ಥರ ಒಂದರ ಹಿಂದೆ ಒಂದು ಇರೋದ್ರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲನ್ನ ಎಳೀತೆ. ಪ್ರತಿ ಪ್ಯಾನೆಲ್ ಒಳಗೆ ಮೂರು ಬೈಪಾಸ್ ಡಯೋಡ್ ಇರುತ್ತೆ, ಕರೆಂಟು ನೆರಳಾದ ಮೂರನೇ ಒಂದು ಭಾಗವನ್ನ ಬಿಟ್ಟು ಪಕ್ಕದಿಂದ ಸುತ್ತಿ ಹೋಗೋಕೆ. ಆದ್ರೂ ನಷ್ಟ ನಷ್ಟವೇ. ತೆಂಗಿನ ಗರಿಯ ತೆಳು ನೆರಳು ಏನು ಮಾಡುತ್ತೆ ಅನ್ನಬೇಡಿ, ಒಂದು ಗರಿ ಎರಡು ಪ್ಯಾನೆಲ್ ಮೇಲೆ ಅಡ್ಡ ಬಿದ್ರೆ ಸಾಕು. ಟ್ಯಾಂಕನ್ನ ಉತ್ತರದ ಗೋಡೆಗೆ ಸರಿಸೋಕೆ ಪ್ಲಂಬರಿಗೆ ಕೊಡೋ ದುಡ್ಡು ಕ್ರಮೇಣ ವಾಪಸ್ ಬರುತ್ತೆ.

---

ತಂತಿ ಮಾಸ್ತರ್

ನೆರಳಿನ ವಿಷಯ ಅವರು ಹೇಳಿದ್ದೇ ಸರಿ. ರೇಟಿನ ವ್ಯತ್ಯಾಸ ಎಲ್ಲಿ ಅಂದ್ರೆ, ಪ್ಯಾನೆಲ್ ಇನ್ವರ್ಟರ್ ಬಿಟ್ಟು ಉಳಿದಿದ್ದರಲ್ಲಿ. ಕೊಟೇಶನಲ್ಲಿ ಆ ಉಳಿದದ್ದು "ಇತರೆ ಸಾಮಗ್ರಿ" ಅಂತ ಒಂದೇ ಸಾಲಲ್ಲಿದ್ರೆ ಅಲ್ಲೇ ಅನುಮಾನ ಪಡಿ.

ಪ್ಯಾನೆಲ್ ಡಿ.ಸಿ.ಆರ್. ಅಂತ ಸ್ಪಷ್ಟವಾಗಿ ಬರೆದಿರಬೇಕು. ಅಂದ್ರೆ ಬಿಲ್ಲೆಯೂ ಪ್ಯಾನೆಲ್ಲೂ ಭಾರತದಲ್ಲೇ ತಯಾರಾಗಿರೋದು, ಹಾಗಿದ್ರೆ ಮಾತ್ರ ಸಬ್ಸಿಡಿ. ಹೊರಗಿನ ಬಿಲ್ಲೆ ಹಾಕಿ ಜೋಡಿಸಿದ್ದು ಅಗ್ಗ, ಆದ್ರೆ 78,000 ರೂಪಾಯಿ ಕೈ ತಪ್ಪುತ್ತೆ. ಮೂರರಲ್ಲಿ ಕಡಿಮೆ ರೇಟಿನವರು ಇದನ್ನ ಬರೆದಿದಾರಾ ಮೊದಲು ನೋಡಿ.

ಆಮೇಲೆ ಪ್ಯಾನೆಲ್ ಹೊರೋ ಸ್ಟ್ರಕ್ಚರ್. ಕರಗಿದ ಸತುವಲ್ಲಿ ಅದ್ದಿ ತೆಗೆದ ಕಬ್ಬಿಣ ಬೇಕು, ಲೇಪ 80 ಮೈಕ್ರಾನ್. ಬಣ್ಣ ಹೊಡೆದ ಪೈಪು ಬೇಡ, ವೆಲ್ಡಿಂಗ್ ಮಾಡಿದ ಜಾಗದಿಂದಲೇ ತುಕ್ಕು ಶುರು. ನಟ್ಟು ಬೋಲ್ಟು 304 ದರ್ಜೆ ಸ್ಟೇನ್‌ಲೆಸ್ ಸ್ಟೀಲ್. ಕೆಳಗೆ ಬಟ್ಟೆ ಒಣಗಿಸೋಕೆ ಆಗಲಿ ಅಂತ 7-8 ಅಡಿ ಎತ್ತರ ಮಾಡಿಸ್ತಾರೆ, ಚೆನ್ನಾಗೇ ಇರುತ್ತೆ. ಆದ್ರೆ ಗಾಳಿ ಲೆಕ್ಕ ಹಾಕಿ. ಮೈಸೂರಿಗೆ ಐ.ಎಸ್. 875ರಲ್ಲಿ (ಕಟ್ಟಡದ ಮೇಲೆ ಬೀಳೋ ಭಾರದ ಲೆಕ್ಕಕ್ಕಿರೋ ಭಾರತೀಯ ಮಾನಕ) ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. 0.6ನ್ನ 33ರ ವರ್ಗದಿಂದ ಗುಣಿಸಿದ್ರೆ ಚದರ ಮೀಟರಿಗೆ 650 ನ್ಯೂಟನ್ ದಾಟುತ್ತೆ. ಆರು ಪ್ಯಾನೆಲ್ ಸೇರಿ 15.5 ಚದರ ಮೀಟರ್, ಅಂದ್ರೆ ಒಂದು ಟನ್ನಿನಷ್ಟು ಬಲ ಕೆಳಗಿನಿಂದ ಎತ್ತಬಹುದು. ಒಂದಡಿ ಘನದ ಕಾಂಕ್ರೀಟ್ ದಿಂಡು ತೂಗೋದು 68 ಕೆಜಿ. ಎಂಟು ದಿಂಡು 540 ಕೆಜಿ, ಪ್ಯಾನೆಲ್ ಒಂದಕ್ಕೆ 28ರಂತೆ 170, ಕಬ್ಬಿಣ ನೂರು ಚಿಲ್ಲರೆ. ಎಲ್ಲಾ ಸೇರಿದ್ರೂ ಆ ಒಂದು ಟನ್ ಮುಟ್ಟಲ್ಲ. ಬರೀ ಭಾರದ ಮೇಲೆ ನಿಲ್ಲಿಸೋದು ತಗ್ಗು ಸ್ಟ್ರಕ್ಚರಿಗೆ ಸರಿ. ಎತ್ತರದ್ದಕ್ಕೆ ಸ್ಲ್ಯಾಬಿಗೆ ಬಿಗಿಯಲೇಬೇಕು.

ತೂತಿನ ಭಯ ಬೇಡ, ಆದ್ರೆ ಎಚ್ಚರ ಬೇಕು. 5 ಇಂಚಿನ ಸ್ಲ್ಯಾಬಿಗೆ 3 ಇಂಚಿಗಿಂತ ಆಳ ಹೋಗಬಾರದು. 10 ಎಂಎಂ ಬೋಲ್ಟಿಗೆ 12 ಎಂಎಂ ತೂತು, ಒಳಗಿನ ಧೂಳನ್ನ ಬ್ರಷ್ ಹಾಕಿ ಊದಿ ಪೂರ್ತಿ ತೆಗೆದು, ಆಮೇಲೆ ಕೆಮಿಕಲ್ ಆ್ಯಂಕರ್ (ಬೋಲ್ಟ್ ಹಿಡಿದಿಡೋ ಅಂಟು). ಧೂಳು ಉಳಿದ್ರೆ ಅಂಟು ಹಿಡಿಯೋದು ಧೂಳನ್ನ, ಕಾಂಕ್ರೀಟನ್ನಲ್ಲ. ಬೋಲ್ಟ್ ಕೂತಮೇಲೆ ಅದರ ಸುತ್ತ ದಿಂಡು ಹಾಕಿ, ದಿಂಡಿನ ಬುಡಕ್ಕೆ ವಾಟರ್‌ಪ್ರೂಫ್ ಲೇಪ ಬಳಿಸಿ. ಸೋರೋದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಯಾರೂ ಹೇಳಲ್ಲ: ಸ್ಲ್ಯಾಬಿನೊಳಗೆ ಫ್ಯಾನಿಗೆ ಹೋದ ವೈರಿನ ಪೈಪು. ಡ್ರಿಲ್ ಬಿಟ್ ಅದಕ್ಕೆ ತಗುಲಿದ್ರೆ ಕೆಳಗಿನ ರೂಮಲ್ಲಿ ಶಾರ್ಟ್. ಕೆಳಗೆ ಫ್ಯಾನ್ ಹುಕ್ಕು, ಸ್ವಿಚ್ ಬೋರ್ಡು ಎಲ್ಲಿದೆ ಅಂತ ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಗೆರೆ ತಪ್ಪಿಸಿ ಹೊಡೆಸಿ. ಇದನ್ನ ಓದ್ತಿರೋ ಅಗ್ರಹಾರದ ಕಡೆಯವರಿಗೆ: ನಿಮ್ಮದು ಹಳೇ ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ) ಆಗಿದ್ರೆ ಡ್ರಿಲ್ ಮಾತೇ ಬೇಡ. ಭಾರವೆಲ್ಲ ಗೋಡೆ ಮೇಲೆ ಕೂರೋ ಹಾಗೆ ಸ್ಟ್ರಕ್ಚರ್ ಮಾಡಿಸಬೇಕು.

ವೈರು. ಪ್ಯಾನೆಲ್ಲಿಂದ ಇನ್ವರ್ಟರಿಗೆ 4 ಚದರ ಎಂಎಂ ಸೋಲಾರ್ ಡಿಸಿ ಕೇಬಲ್, ತವರ ಲೇಪದ ತಾಮ್ರ. ಮನೆ ವೈರಿಂಗಿನ ಮಾಮೂಲಿ ವೈರನ್ನ ಬಿಸಿಲಿಗೆ ಬಿಟ್ರೆ ಕೆಲವೇ ವರ್ಷದಲ್ಲಿ ಮೇಲ್ಪದರ ಬಿರಿಯುತ್ತೆ. ಜೋಡಣೆಗೆ ಎಂಸಿ4 ಕನೆಕ್ಟರ್. ಎಲ್ಲಾ ಕೆಲಸದಲ್ಲಿ ನೀವು ಕಣ್ಣಿಟ್ಟು ನೋಡಬೇಕಾದ್ದು ಈ ಹೆಬ್ಬೆಟ್ಟಿನ ಗಾತ್ರದ ಸಾಮಾನನ್ನೇ. ಒಳಗಿನ ಲೋಹದ ಪಿನ್ನನ್ನ ಅದಕ್ಕಂತಲೇ ಇರೋ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಬೇಕು. ಕಟಿಂಗ್ ಪ್ಲೇಯರಲ್ಲಿ ಜಜ್ಜಿ ಕೂರಿಸೋ ಹುಡುಗರಿದಾರೆ. ಒತ್ತಿದ ಮೇಲೆ ವೈರು ಹಿಡಿದು ಜಗ್ಗಿದ್ರೆ ಅಲ್ಲಾಡಬಾರದು, ಎರಡು ತುದಿ ಸೇರಿಸುವಾಗ "ಟಕ್" ಅಂತ ಕೇಳಬೇಕು. ಗಂಡು ಒಂದು ಕಂಪನಿ, ಹೆಣ್ಣು ಇನ್ನೊಂದು ಕಂಪನಿ ಆಗಬಾರದು, ನೋಡೋಕೆ ಕೂತರೂ ಒಳಗೆ ಸಡಿಲ ಇರುತ್ತೆ. ಸಡಿಲ ಇದ್ದ ಕಡೆ 13 ಆಂಪ್ ಹರಿದು ಬಿಸಿಯಾಗಿ, ಪ್ಲಾಸ್ಟಿಕ್ ಕಂದಾಗಿ, ಕರಗಿ, ಕಿಡಿ. ಡಿಸಿ ಕಿಡಿ ಎಸಿ ಥರ ತಾನೇ ಆರಲ್ಲ, ಉರೀತಾನೇ ಇರುತ್ತೆ. ಮನೆ ಸೋಲಾರಲ್ಲಿ ಬೆಂಕಿ ಹತ್ತಿತು ಅಂದ್ರೆ ನಾನು ಮೊದಲು ನೋಡೋದೇ ಇದನ್ನ. ಕನೆಕ್ಟರನ್ನ ತಾರಸಿ ನೆಲದ ಮೇಲೆ ಬಿಟ್ಟು ಹೋಗೋಕೂ ಬಿಡಬೇಡಿ. ಪ್ಯಾನೆಲ್ ಅಡಿಯಲ್ಲೇ ಕಂಬಿಗೆ ಕಟ್ಟಿಸಿ. ನೀರಲ್ಲಿ ನೆಂದ್ರೆ ಮಳೆಗಾಲದ ಬೆಳಿಗ್ಗೆ ಇನ್ವರ್ಟರ್ "ಇನ್ಸುಲೇಶನ್ ಫಾಲ್ಟ್" ತೋರಿಸಿ ಕೂರುತ್ತೆ, ಹತ್ತು ಗಂಟೆಗೆ ಒಣಗಿದ ಮೇಲೆ ತಾನೇ ಶುರುವಾಗುತ್ತೆ. ರಿಪೇರಿಯವರು ಬರೋ ಹೊತ್ತಿಗೆ ಎಲ್ಲಾ ಸರಿ!

ಡಿಸಿ ಬಾಕ್ಸಲ್ಲಿ ಫ್ಯೂಸು, ಐಸೊಲೇಟರ್ (ಡಿಸಿ ನಿಲ್ಲಿಸೋ ಸ್ವಿಚ್ಚು), ಸಿಡಿಲಿನಂಥ ವೋಲ್ಟೇಜ್ ಹೊಡೆತ (ಸರ್ಜ್) ತಡೆಯೋ ಎಸ್‌ಪಿಡಿ. ಎಸಿ ಬಾಕ್ಸಲ್ಲಿ 20 ಆಂಪ್ ಎಂಸಿಬಿ, ಅಲ್ಲೂ ಒಂದು ಎಸ್‌ಪಿಡಿ. ಎಸ್‌ಪಿಡಿಯ ಪುಟ್ಟ ಕಿಟಕಿ ಹಸಿರಿದ್ರೆ ಜೀವ ಇದೆ, ಕೆಂಪಾದ್ರೆ ಸಿಡಿಲಿಗೆ ತಾನು ಬಲಿಯಾಗಿ ಇನ್ವರ್ಟರ್ ಉಳಿಸಿದೆ ಅಂತ ಅರ್ಥ, ಬದಲಿಸಿ. ಅರ್ಥಿಂಗ್ ಮೂರು ಬೇಕು: ಸಿಡಿಲು ಕಡ್ಡಿಗೆ ಒಂದು, ಪ್ಯಾನೆಲ್ ಮತ್ತು ಡಿಸಿಗೆ ಒಂದು, ಇನ್ವರ್ಟರ್ ಮತ್ತು ಎಸಿಗೆ ಒಂದು. 30x40ರಲ್ಲಿ ಜಾಗ ಇಲ್ಲ ಅಂತ ಮೂರನ್ನೂ ಒಂದೇ ಗುಂಡಿಗೆ ಇಳಿಸ್ತಾರೆ, ಒಪ್ಪಬೇಡಿ. ಪಕ್ಕದ ಸೆಟ್‌ಬ್ಯಾಕಲ್ಲಿ, ರಾಡು ಎಷ್ಟು ಉದ್ದ ಇದೆಯೋ ಅಷ್ಟಾದ್ರೂ ಅಂತರ ಬಿಟ್ಟು ಇಳಿಸಬಹುದು. ಅಳೆದಾಗ 5 ಓಮಿನೊಳಗೆ ಬರಬೇಕು, ಮೀಟರ್ ತಂದು ನಿಮ್ಮ ಮುಂದೆ ಅಳೆದು ತೋರಿಸಲಿ.

---

ಒಂಟಿಕೊಪ್ಪಲ್ ಹೈದ

ಮಾಸ್ತರ್ರೇ, ತುಂಬಾ ಉಪಕಾರ ಆಯ್ತು. 1.75ರವರ ಕಾಗದದಲ್ಲಿ ಡಿ.ಸಿ.ಆರ್. ಪದವೇ ಇಲ್ಲ, ಅರ್ಥಿಂಗ್ "1 ಸೆಟ್" ಅಂತಿದೆ. ಇನ್ನೊಂದು ಮಾತು: ಇನ್ವರ್ಟರನ್ನ ತಾರಸಿ ಮೆಟ್ಟಿಲ ಕೆಳಗೆ ಇಡ್ತೀವಿ ಅಂತಾರೆ, ಮೀಟರ್ ಬೋರ್ಡು ಗೇಟಿನ ಹತ್ತಿರ. ನಡುವೆ ಸುತ್ತಿ ಬರೋ ವೈರು 30 ಮೀಟರ್ ಆಗುತ್ತೆ. ಪರವಾಗಿಲ್ವಾ?

---

ಮದ್ದೂರ್ ವಡೆ

ಅದಕ್ಕೆ ನಾನು ಹೇಳ್ತೀನಿ ಕಣಣ್ಣ, ಮಂಡ್ಯ ಕಡೆ ಹಳ್ಳಿಗಳಲ್ಲಿ ಇದೇ ದೊಡ್ಡ ತಲೆನೋವು. ಇನ್ವರ್ಟರ್ ಕರೆಂಟನ್ನ ಲೈನಿಗೆ ತಳ್ಳಬೇಕಂದ್ರೆ ಲೈನಿಗಿಂತ ತನ್ನ ವೋಲ್ಟೇಜು ಸ್ವಲ್ಪ ಮೇಲಿರಬೇಕು. ವೈರು ಸಣ್ಣ ಆದಷ್ಟೂ, ಉದ್ದ ಆದಷ್ಟೂ ಇನ್ನೂ ಮೇಲೆ ಏರಬೇಕು. 30 ಮೀಟರ್ ಅಂದ್ರೆ ಹೋಗಿ ಬರೋದು 60. 2.5 ಚದರ ಎಂಎಂ ತಾಮ್ರಕ್ಕೆ ಮೀಟರಿಗೆ 7.4 ಮಿಲಿಓಮ್, 13 ಆಂಪಿಗೆ 6 ವೋಲ್ಟ್ ಹತ್ತಿರ. 4 ಹಾಕಿದ್ರೆ ಮೂರೂವರೆ, 6 ಹಾಕಿದ್ರೆ ಎರಡೂವರೆ ಆಸುಪಾಸು. ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆಗೆ ಮಧ್ಯಾಹ್ನ ಪಂಪ್‌ಸೆಟ್ ಯಾವುದೂ ಓಡದಾಗ ಲೈನಲ್ಲೇ 248 ಇರುತ್ತೆ, ಅದಕ್ಕೆ 6 ಸೇರಿದ್ರೆ 254. ವೋಲ್ಟೇಜ್ ಜಾಸ್ತಿ ಅಂತ ಇನ್ವರ್ಟರ್ ಟ್ರಿಪ್. ಅದೂ ಒಳ್ಳೇ ಬಿಸಿಲಿರೋ ಹನ್ನೆರಡು ಗಂಟೆಲೇ! ಜನ ಇನ್ವರ್ಟರ್ ಕೆಟ್ಟೋಯ್ತು ಅಂತಾರೆ, ಕೆಟ್ಟಿರೋದು ವೈರಿನ ಲೆಕ್ಕ. ನಿಮಗೆ 6 ಚದರ ಎಂಎಂ ಹಾಕಿಸಿ. ಇಲ್ಲಾಂದ್ರೆ ಇನ್ವರ್ಟರನ್ನೇ ಮೀಟರ್ ಹತ್ತಿರ ತಂದು ಡಿಸಿ ಕೇಬಲ್ ಉದ್ದ ಮಾಡಿ. ಅಲ್ಲಿ ವೋಲ್ಟೇಜು ಏರಿ ಟ್ರಿಪ್ ಆಗೋ ಕಾಟ ಇಲ್ಲ.

ನಮ್ ಕಡೆಯವರಿಗೆ ಇನ್ನೆರಡು ಮಾತು. ಆಲೆಮನೆ ಇರೋ ಊರಲ್ಲಿ ಕಬ್ಬಿನ ಸಿಪ್ಪೆ ಉರಿಸಿದ ಮಸಿ ಪ್ಯಾನೆಲ್ ಮೇಲೆ ಕೂರುತ್ತೆ. ಧೂಳಾದ್ರೆ ಮಳೆಗೆ ಹೋಗುತ್ತೆ, ಮಸಿ ಜಿಡ್ಡು, ಹೋಗಲ್ಲ. ಆಲೆ ನಡೆಯೋ ತಿಂಗಳಲ್ಲಿ ವಾರಕ್ಕೊಂದ್ಸಲ ತೊಳೀಬೇಕು, ಉಳಿದಂಗೆ ಹದಿನೈದು ದಿನಕ್ಕೊಮ್ಮೆ ಸಾಕು. ಆದ್ರೆ ಬೋರ್‌ವೆಲ್ ನೀರು ಗಡಸು. ಹಾಗೇ ಒಣಗೋಕೆ ಬಿಟ್ರೆ ಗೀಸರ್ ಕಾಯಿಲ್ ಮೇಲೆ ಕಟ್ಟೋ ಬಿಳಿ ಸುಣ್ಣದಂಥದ್ದೇ ಗಾಜಿನ ಮೇಲೂ ಕಟ್ಟುತ್ತೆ, ಮುಂದಿನ ಕೆಳ ಅಂಚಲ್ಲಿ ಮೊದಲು. ಕಾವೇರಿ ನೀರೋ, ಹಿಡಿದಿಟ್ಟ ಮಳೆ ನೀರೋ ಬಳಸಿ, ತೊಳೆದ ಮೇಲೆ ವೈಪರಲ್ಲಿ ನೀರು ಎಳೆದುಬಿಡಿ. ಸೋಪಿನ ಪುಡಿ, ತೆಂಗಿನ ನಾರು, ಪಾತ್ರೆ ಉಜ್ಜೋ ಸ್ಕ್ರಬ್ಬರ್ ಯಾವುದೂ ಬೇಡ. ಬೆಳಿಗ್ಗೆ ಏಳರೊಳಗೆ ತೊಳೀಬೇಕು, ಕಾದ ಗಾಜಿಗೆ ತಣ್ಣೀರು ಎರಚಬಾರದು. ಪ್ಯಾನೆಲ್ ಮೇಲೆ ಕಾಲಿಡಲೇಬೇಡಿ. ಗಾಜು ಒಡೆಯಲ್ಲ, ಒಳಗಿನ ಬಿಲ್ಲೆ ಕೂದಲೆಳೆಯಷ್ಟು ಸೀಳುತ್ತೆ, ಕಣ್ಣಿಗೆ ಕಾಣಲ್ಲ. ಸೋರೆಬುರುಡೆ ಬಳ್ಳಿ ಹಬ್ಬಿಸೋಕೆ ಚೆನ್ನಾಗಿದೆ ಅಂತ ಸ್ಟ್ರಕ್ಚರಿಗೆ ಬಳ್ಳಿ ಬಿಡೋರೂ ಇದಾರೆ, ಏನು ಹೇಳೋಣ.

---

ಬಿಸಿಲ್ಗುದುರೆ

ಕಾಗದಪತ್ರದ ಕಡೆ ಚುಟುಕಾಗಿ. ಈ ಸಬ್ಸಿಡಿ ಕೊಡೋ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಶುರುವಾಗಿದ್ದು 2024ರ ಫೆಬ್ರವರಿಯಲ್ಲಿ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಅದಕ್ಕಿಂತ ಎಷ್ಟು ದೊಡ್ಡದು ಹಾಕಿದ್ರೂ ಅಷ್ಟೇ. ಯೋಜನೆಯ ಪೋರ್ಟಲಲ್ಲಿ ಬಿಲ್ಲಿನ ಮೇಲಿರೋ ನಂಬರ್ ಹಾಕಿ ಅರ್ಜಿ, ನೋಂದಾಯಿತ ವೆಂಡರ್ ಆಯ್ಕೆ, ಕೆಲಸ, ಸೆಸ್ಕ್‌ನವರ ಪರಿಶೀಲನೆ, ಎರಡೂ ದಿಕ್ಕಿಗೆ ಎಣಿಸೋ ನೆಟ್ ಮೀಟರ್, ಆಮೇಲೆ ಬ್ಯಾಂಕ್ ಖಾತೆಗೆ ಸಬ್ಸಿಡಿ. ಸಿಕ್ಕಿಹಾಕ್ಕೊಳ್ಳೋದು ಹೆಸರಲ್ಲಿ. ಆರ್.ಆರ್. ನಂಬರ್ (ಕರೆಂಟ್ ಸಂಪರ್ಕದ ನಂಬರ್) ಇನ್ನೂ ತೀರಿಹೋದ ತಾತನ ಹೆಸರಲ್ಲಿದ್ರೆ ಮೊದಲು ಹೆಸರು ಬದಲಾಯಿಸಿ, ಆಮೇಲೆ ಅರ್ಜಿ ಹಾಕಿ. ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತಲೂ ನೋಡಿ. ಸೋಲಾರ್ ಹಾಕಿದ್ರೂ ಫಿಕ್ಸೆಡ್ ಚಾರ್ಜ್ ಕಟ್ಟೋದು ತಪ್ಪಲ್ಲ, ಹಾಗಾಗಿ "ಬಿಲ್ ಸೊನ್ನೆ" ಅನ್ನೋ ಜಾಹೀರಾತು ನಂಬಬೇಡಿ.

200 ಯೂನಿಟ್ ಒಳಗಿದ್ದು ಗೃಹಜ್ಯೋತಿಯಲ್ಲಿ ಬಿಲ್ಲೇ ಬರದವರು ಇದಕ್ಕೆ ಕೈ ಹಾಕಬೇಕಾಗಿಲ್ಲ, ಉಳಿಸೋಕೆ ಅಲ್ಲಿ ಏನೂ ಇಲ್ಲ. ನಿಮ್ಮ 300 ಯೂನಿಟ್ಟಿಗೆ ಯೂನಿಟ್ 6 ರೂಪಾಯಿ ಲೆಕ್ಕ, ಮೇಲೆ ತೆರಿಗೆ ಅಂದ್ರೆ ವರ್ಷಕ್ಕೆ 23,000 ಆಸುಪಾಸು. 1.95ರಲ್ಲಿ 78 ಸಾವಿರ ಕಳೆದ್ರೆ 1.17 ಲಕ್ಷ. ಐದು ವರ್ಷ.

---

ಒಂಟಿಕೊಪ್ಪಲ್ ಹೈದ

ಹಾಗಾದ್ರೆ 1.95ರವರಿಗೇ ಹೇಳಿ, 6 ಚದರ ಎಂಎಂ ಎಸಿ ಕೇಬಲ್ಲೂ ಮೂರು ಅರ್ಥಿಂಗೂ ಕಾಗದದಲ್ಲಿ ಬರೆಸ್ಕೋತೀನಿ. ಟ್ಯಾಂಕ್ ಸರಿಸ್ತೀನಿ. ಕೆಲಸ ಮುಗಿದ ದಿನ ನಾನೇ ಏನಾದ್ರೂ ಪರೀಕ್ಷೆ ಮಾಡಬಹುದಾ?

---

ತಂತಿ ಮಾಸ್ತರ್

ಮಾಡಿಸಬಹುದು, ನೀವೇ ಕೈ ಹಾಕಬೇಡಿ, ಅಲ್ಲಿರೋದು 300 ವೋಲ್ಟ್ ಹತ್ತಿರದ ಡಿಸಿ. ಇನ್ವರ್ಟರಿಗೆ ಜೋಡಿಸೋ ಮೊದಲು, ಹನ್ನೊಂದು ಗಂಟೆ ಬಿಸಿಲಲ್ಲಿ, ಡಿಸಿ ಬಾಕ್ಸಲ್ಲಿ ಮಲ್ಟಿಮೀಟರ್ ಇಟ್ಟು ತೋರಿಸೋಕೆ ಹೇಳಿ. ಆರು ಪ್ಯಾನೆಲ್, ತಲಾ 49.5, ಒಟ್ಟು 297. ಬಿಸಿಗೆ ಸ್ವಲ್ಪ ಇಳಿದು 270-280 ಕಾಣಬೇಕು. 258 ಹತ್ತಿರ ಬಂದ್ರೆ ಎಲ್ಲೋ ಒಂದು ಬೈಪಾಸ್ ಡಯೋಡ್ ಶಾರ್ಟ್ ಆಗಿ ಒಂದು ಪ್ಯಾನೆಲ್ಲಿನ ಮೂರನೇ ಒಂದು ಭಾಗ ಸತ್ತಿದೆ. 180ರ ಆಸುಪಾಸು ಬಂದ್ರೆ ಒಂದು ಪ್ಯಾನೆಲ್ ಉಲ್ಟಾ ಜೋಡಿಸಿದಾರೆ, ಅದರದ್ದೂ ಹೋಯ್ತು, ಇನ್ನೊಂದರದ್ದನ್ನೂ ತಿಂತು. ಪ್ರತಿ ಪ್ಯಾನೆಲ್ಲಿನ ಸೀರಿಯಲ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ, ಮೇಲೆ ಕೂರಿಸಿದ ಮೇಲೆ ಹಿಂದಿನ ಸ್ಟಿಕ್ಕರ್ ಕಾಣಲ್ಲ, ವಾರಂಟಿಗೆ ಅದೇ ಕೇಳ್ತಾರೆ. 

ನಿಲ್ಲಿಸೋ ಕ್ರಮ ಮನೆಯವರೆಲ್ಲರಿಗೂ ಗೊತ್ತಿರಲಿ: ಮೊದಲು ಎಸಿ ಎಂಸಿಬಿ ಕೆಳಗೆ, ಇನ್ವರ್ಟರ್ ದೀಪ ಬದಲಾಗೋವರೆಗೆ ಕಾಯಿರಿ, ಆಮೇಲೆ ಡಿಸಿ ಐಸೊಲೇಟರ್. ಶುರು ಮಾಡುವಾಗ ಡಿಸಿ ಮೊದಲು, ಎಸಿ ಕೊನೆಗೆ. ಕರೆಂಟು ಹರೀತಿರುವಾಗ ಎಂಸಿ4 ಮಾತ್ರ ಯಾವತ್ತೂ ಬಿಚ್ಚಬೇಡಿ. ಇದನ್ನ ಒಂದು ರಟ್ಟಿನ ಮೇಲೆ ಕನ್ನಡದಲ್ಲೇ ಬರೆದು ಇನ್ವರ್ಟರ್ ಪಕ್ಕ ಅಂಟಿಸಿಬಿಡಿ.